ಗೆರೆಯಾಚೆಯ ಗುರು: ಕಬಡ್ಡಿಯ ರಸಿಕರಿಗೊಂದು ಕೈಪಿಡಿ

ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ತಾಲ್ಲೂಕು ಮಟ್ಟದ ಬಾಲಕಿಯರ ಕಬಡ್ಡಿ ನಡೆಯುವಾಗ ನೆರೆದವರ ದೃಷ್ಟಿಯೆಲ್ಲವೂ ಉಸಿರು ಹಿಡಿದು ನುಗ್ಗುವ ದಾಳಿಗಾರ್ತಿಯ ಮೇಲೆಯೇ ನೆಟ್ಟಿರುವುದು ಸಹಜವಾದರೂ, ರೇಷ್ಮೆಸೀರೆಯ ಮರ್ಮವರಿತವನು ಸೆರಗನ್ನು ಮಗುಚಿ ಹಿಂಬದಿಯನ್ನು ಪರೀಕ್ಷಿಸುವಂತೆ, ರಸಿಕನಾಗಬಯಸುವವನು ಗೆರೆಯ ಹೊರಗೆ ನಿಂತಿರುವ ದೈಹಿಕ ಶಿಕ್ಷಕಿಯನ್ನೂ ನೋಡತಕ್ಕದ್ದು. ತಂಡದ ಮ್ಯಾನೇಜರೂ ತರಬೇತುದಾರ್ತಿಯೂ ಆಕೆಯೇ. ಎಣ್ಣೆಗಿರಣಿಗೋ ಶೇಂಗಾ ಹೊಲಕ್ಕೋ ಹೊರಟ ತಾಯಿತಂದೆಯರನ್ನು ತಡೆದು ನಿಲ್ಲಿಸಿ, ಮಗಳನ್ನು ಚಿತ್ರದುರ್ಗದ ಜಿಲ್ಲಾ ಕೂಟಕ್ಕೆ ಕಳುಹಿಸಿರೆಂದು ಒಪ್ಪಿಸುವವಳೂ ಆಕೆಯೇ. ಈ ಒಪ್ಪಿಸುವಿಕೆಗೆ ಅಂಕಪಟ್ಟಿಯಲ್ಲಿ ಸ್ಥಳವಿಲ್ಲ.

ಹೆಂಗಸರ ಅಂಕಣವು 12 ಮೀಟರ್ ಉದ್ದ, 8 ಮೀಟರ್ ಅಗಲ. ಒಳಗೆ ಏಳು ಮಂದಿ, ಹೊರಗೆ ಐವರು. ಒಂದು ದಾಳಿಗೆ 30 ಸೆಕೆಂಡು. ಇಷ್ಟು ಇಕ್ಕಟ್ಟಿನಲ್ಲಿ ಮೂಲೆಗೆ ಯಾರು, ನಡುವೆ ಯಾರು, ಯಾರ ಕೈ ಯಾರ ಕೈಯನ್ನು ಹಿಡಿದಿರಬೇಕು ಎಂಬುದೆಲ್ಲವೂ ಆಕೆಯ ರಚನೆ. ಮೊದಲು ನೋಡಬೇಕಾದುದು ಈ ಕೈಸರಪಳಿಯನ್ನು. ದಾಳಿಗಾರ್ತಿ ಒಂದು ಪಾರ್ಶ್ವಕ್ಕೆ ವಾಲಿದೊಡನೆ ಸರಪಳಿಯು ಒಂದೇ ದೇಹದಂತೆ ತಿರುಗಿದರೆ, ತಿಂಗಳುಗಟ್ಟಲೆ ಅಭ್ಯಾಸ ನಡೆದಿದೆಯೆಂದು ತಿಳಿಯಬಹುದು. ಆದರೆ ಆಟದ ನಿಜವಾದ ರಸಸ್ಥಾನ ಬೇರೆಯೇ ಇದೆ: ತಂಡದಲ್ಲಿ ಮೂವರೇ ಉಳಿದಿರುವಾಗ ದಾಳಿಗಾರ್ತಿಯನ್ನು ಹಿಡಿದರೆ ಒಂದು ಅಂಕ ಹೆಚ್ಚಿಗೆ ದೊರೆಯುವುದು, ಎಲ್ಲರೂ ಔಟಾದರೆ ಎದುರಾಳಿಗೆ ಲೋನಾದ ಎರಡು ಅಂಕಗಳು ಸಲ್ಲುವುವು. ಹಿಡಿಯುವುದೋ, ತಪ್ಪಿಸಿಕೊಳ್ಳುವುದೋ? ಆ ಕ್ಷಣದಲ್ಲಿ ಹೊರಗಿನಿಂದ ಕೂಗಾಡುವವಳು ಸಾಮಾನ್ಯಳು. ಅಭ್ಯಾಸದಲ್ಲಿಯೇ ಹೇಳಿ ಮುಗಿಸಿದ್ದು ಈಗ ಸುಮ್ಮನೆ ನಿಲ್ಲುವವಳು ಉತ್ತಮಳು.

ಗುರುವಿನ ಈ ಕಲೆ ಎಷ್ಟು ಬಲವಾದುದೆಂಬುದಕ್ಕೆ ನಿದರ್ಶನವೊಂದುಂಟು. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿಯು ಮೊದಲ ಬಾರಿಗೆ ಸೇರಿದಾಗಲೂ, 2014ರ ಇಂಚಿಯಾನ್‌ನಲ್ಲಿಯೂ ಚಿನ್ನ ಗೆದ್ದ ಭಾರತ ತಂಡದಲ್ಲಿ ನಮ್ಮ ಬೆಂಗಳೂರಿನ ತೇಜಸ್ವಿನಿ ಬಾಯಿ, ಕಾರ್ಕಳದ ಕಡೆಯ ಮಮತಾ ಪೂಜಾರಿ ಇಬ್ಬರೂ ಇದ್ದರು. 2018ರ ಜಕಾರ್ತಾದಲ್ಲಾದರೋ ಇರಾನಿನ ವನಿತೆಯರು 27-24ರಿಂದ ಭಾರತವನ್ನು ಸೋಲಿಸಿದರು. ಅವರನ್ನು ಪಳಗಿಸಿದ್ದವರು, ಅದಕ್ಕಾಗಿ ಫಾರಸಿ ನುಡಿಯನ್ನೂ ಕಲಿತಿದ್ದವರು, ನಾಸಿಕದ ಶೈಲಜಾ ಜೈನ್. ಸೋಲು ನಮ್ಮದಾದರೂ ವಿದ್ಯೆಯೂ ನಮ್ಮದೇ ಎಂದು ಅಂದು ಸಮಾಧಾನಪಟ್ಟವರಲ್ಲಿ ನಾನೂ ಒಬ್ಬ.

ಆಟದ ನಡುವೆ ತಂಡವು ಕೇಳಿ ಪಡೆಯುವ ಅರೆನಿಮಿಷದ ವಿರಾಮವು ಶಿಕ್ಷಕಿಗೆ ಮನಬಿಚ್ಚಿ ಮಾತನಾಡಲು ದೊರೆಯುವ ಸಮಯ. ಪ್ರೇಕ್ಷಕ ಮಹಾಶಯರೇ, ಆಗಲಾದರೂ ದಯವಿಟ್ಟು ಸಿಳ್ಳೆ ಹೊಡೆಯಬೇಡಿ. ಹುಡುಗಿಯರಿಗೆ ಆಕೆಯ ಮಾತು ಕೇಳಿಸಬೇಕು.