ನೋಂದಣಿ ಇದ್ದರೆ ಸಾಕೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಅಂಗಡಿಯವರೊಬ್ಬರು ಹಳೆಯ ಮಾನಿಟರ್‌ಗಳನ್ನು ಯಾರಿಗೆ ಕೊಡಲೆಂದು ಕೇಳಿದರೆ ನೀವೇನು ಹೇಳುವಿರಿ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿತರಾದ ಮರುಬಳಕೆದಾರರಿಗೆ ಎಂದು. ಸರಿ, ಆದರೆ ಅರ್ಧ ಉತ್ತರ.

2023ರ ಏಪ್ರಿಲ್ 1ರಂದು ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆದಾರರ ಪ್ರಮಾಣಪತ್ರಕ್ಕೆ ಮೊದಲು ಲೆಕ್ಕ ಹಿಡಿದದ್ದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣಗಳನ್ನು. ಸೀಸ ಈ ಪಟ್ಟಿಯಲ್ಲಿಲ್ಲ. ಚಿತ್ರನಳಿಕೆಯ ಹಿಂಭಾಗದ ಆಲಿಕೆಯಾಕಾರದ ಗಾಜಿನಲ್ಲೋ ಸುಮಾರು ಶೇ. 20ರಷ್ಟು ಸೀಸದ ಆಕ್ಸೈಡ್! ಉಳಿಕೆಯನ್ನು ಅಧಿಕೃತ ವಿಲೇವಾರಿ ಘಟಕಕ್ಕೆ ಕಳುಹಿಸಬೇಕೆಂದು ನಿಯಮ ಹೇಳುತ್ತದೆ, ನಿಜ. ಆದರೆ ತಾಮ್ರದ ಸುರುಳಿಯಿಂದ ಹಣ ಬರುತ್ತದೆ, ಗಾಜಿನಿಂದ ಖರ್ಚು ಮಾತ್ರ. (ಗುಜರಿಯವರೂ ಸುರುಳಿಯನ್ನೇ ಮೊದಲು ಕೀಳುತ್ತಾರೆ.)

ಆದ್ದರಿಂದ ನೋಂದಣಿ ಪತ್ರ ನೋಡಿದ ಮೇಲೆ ಇನ್ನೊಂದು ಕೇಳಿ: ಕಳೆದ ವರ್ಷದ ಗಾಜು ಎಲ್ಲಿಗೆ ಹೋಯಿತು, ಅದರ ಸಾಗಣೆ ದಾಖಲೆ ಎಲ್ಲಿ?