ಒಳ್ಳೆಯ ಬದುಕೂ ಆಮಿಷವೇ?

ಕೇರಿಯವನೊಬ್ಬ ಬೇರೆ ಮತಕ್ಕೆ ಹೋದ ಅಂದಕೂಡಲೇ ಊರೊಳಗಿಂದ ಬರುವ ಮೊದಲ ಮಾತು: 'ಎಷ್ಟು ಕೊಟ್ಟರಂತೆ?' ಇದನ್ನು ಕೇಳುವವರು ತಾವು ಅವನಿಗೆ ಎಷ್ಟು ಕೂಲಿ ಕೊಡುತ್ತಿದ್ದೆವು ಅಂತ ಯಾವತ್ತೂ ಕೇಳಿಕೊಂಡವರಲ್ಲ.

ಈ ಊರಮಾತನ್ನೇ 2022ರಲ್ಲಿ ಕರ್ನಾಟಕದ ಮತಾಂತರ ಕಾಯ್ದೆ ಕಾನೂನಿನ ಭಾಷೆಗೆ ತಿರುಗಿಸಿತು. ದುಡ್ಡು, ಉಡುಗೊರೆ ಆಮಿಷವೆಂದರೆ ಒಪ್ಪೋಣ. ಆದರೆ ಅದರ ಪಟ್ಟಿಯಲ್ಲಿ ಉದ್ಯೋಗವಿತ್ತು, ಧಾರ್ಮಿಕ ಸಂಸ್ಥೆಗಳ ಶಾಲೆಯ ಉಚಿತ ಶಿಕ್ಷಣವಿತ್ತು, ಉತ್ತಮ ಜೀವನಶೈಲಿಯೂ ಇತ್ತು! ನಮ್ಮ ಜನ ಚೆನ್ನಾಗಿ ಬದುಕಬೇಕೆಂದು ಆಸೆಪಟ್ಟರೆ ಅದೂ ಬಲೆಗೆ ಬಿದ್ದಂತೆ. ಕಾಯ್ದೆ ಮೀರಿ ಪರಿಶಿಷ್ಟರನ್ನು ಮತಾಂತರಿಸಿದವರಿಗೆ 3ರಿಂದ 10 ವರ್ಷ ಜೈಲು. ಮಕ್ಕಳು, ಬುದ್ಧಿ ಸ್ಥಿಮಿತವಿಲ್ಲದವರು, ಹೆಂಗಸರು, ನಾವು, ಎಲ್ಲರೂ ಒಂದೇ ಸಾಲಿನಲ್ಲಿ. ಸ್ವಂತ ಬುದ್ಧಿ ಇಲ್ಲದವರ ಸಾಲು ಅದು.

1981ರ ಫೆಬ್ರವರಿಯಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಮೀನಾಕ್ಷಿಪುರದಲ್ಲಿ ನೂರಕ್ಕೂ ಹೆಚ್ಚು ದಲಿತ ಕುಟುಂಬಗಳು ಇಸ್ಲಾಂ ಸೇರಿದವು. 'ಅರಬ್ ದುಡ್ಡು' ಅಂತ ದೇಶವೆಲ್ಲ ಗುಲ್ಲೆದ್ದಿತು. ಆದರೆ ಹೋದವರೆಲ್ಲ ಗಂಜಿಗೆ ಗತಿಯಿಲ್ಲದವರಲ್ಲ. ತುಂಡು ಜಮೀನು ಇದ್ದವರು, ಓದಿದವರು, ನೌಕರಿಯಲ್ಲಿದ್ದವರು ಅವರಲ್ಲಿದ್ದರು. ಹೊಟ್ಟೆಗಿತ್ತು, ತೇವರ್ ಜಾತಿಯವರ ಮುಂದೆ, ಪೊಲೀಸರ ಮುಂದೆ ಮನುಷ್ಯರಾಗಿ ನಿಲ್ಲೋಕೆ ಆಗುತ್ತಿರಲಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ಬೌದ್ಧರಾದ ಲಕ್ಷಾಂತರ ಜನರನ್ನೂ ಹೀಗೇ ನೋಡಬೇಕು. ಮಹಾರರಲ್ಲಿ ಎಷ್ಟೋ ಮಂದಿಗೆ ಆ ಹೊತ್ತಿಗೆ ಮಿಲ್ಲು, ರೈಲ್ವೆ, ಸೈನ್ಯದ ಸಂಬಳ ಕಂಡಿತ್ತು. ಊರಿನವರು ಹಾಕುವ ಕಾಳಿಗೆ ಕೈಯೊಡ್ಡಬೇಕಿರಲಿಲ್ಲ. ಬಡತನವೇ ಮತಾಂತರ ಮಾಡಿಸುತ್ತದೆ ಅನ್ನೋದು ಅರ್ಧ ಸುಳ್ಳು. ಗೌಡನ ಕಣದ ಮುಂದೆ ನಿಂತ ಜೀತದಾಳಿಗೆ ದೇವರನ್ನು ಬದಲಿಸುವ ಸ್ವಾತಂತ್ರ್ಯವೂ ಇಲ್ಲ. ಬದಲಿಸಿದರೆ ನಾಳೆ ಕೆಲಸ ಹೋಯ್ತದೆ, ಹೊಲದ ದಾರಿ ಮುಚ್ಚಿಹೋಯ್ತದೆ.

ಹೋದವರಿಗೆ ಸ್ವರ್ಗ ಸಿಕ್ಕಿತೆಂದು ನಾವೇನೂ ಹೇಳುತ್ತಿಲ್ಲ. ತಮಿಳುನಾಡಿನಲ್ಲಿ ದಲಿತ ಕ್ರೈಸ್ತರ ಹೆಣಕ್ಕೂ ಬೇರೆ ಸ್ಮಶಾನ ಮಾಡಿದ ಊರುಗಳಿವೆ. ಮತ ಬದಲಾದರೂ ಪಹಣಿಯಲ್ಲಿನ ಹೆಸರು ಬದಲಾಗೋದಿಲ್ಲ. ಭೂಮಿಯ ಹೋರಾಟ ಬಿಟ್ಟು ಬರೀ ದೀಕ್ಷೆ ಅನ್ನುವ ನಮ್ಮ ಗೆಳೆಯರೂ ಇದನ್ನು ಯೋಚಿಸಬೇಕು.

ಆಮಿಷದ ಮಾತು ಬಂದದ್ದಕ್ಕೆ ಇನ್ನೊಂದು ವಿಚಾರ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸವಲತ್ತನ್ನು ಹೆಚ್ಚುಕಮ್ಮಿ ಹಿಂದೂಗಳಿಗೇ ಕಟ್ಟಿಹಾಕಿತು. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಒಳಗೆ ಬಿಟ್ಟರು. ಕ್ರೈಸ್ತನೋ ಮುಸಲ್ಮಾನನೋ ಆದ ದಲಿತ ಇವತ್ತಿಗೂ ಹೊರಗೆ. ಹಿಂದೂವಾಗಿ ಇದ್ದರೆ ಮೀಸಲಾತಿ, ಹೋದರೆ ಇಲ್ಲ. ಇದನ್ನು ಯಾವ ಕಾಯ್ದೆಯೂ ಆಮಿಷ ಅಂದಿಲ್ಲ.