ಇಟ್ಟದ್ದಕ್ಕೆ ಬಾಡಿಗೆ, ಮುಟ್ಟಿದ್ದಕ್ಕೂ ಬಾಡಿಗೆ

ಆಫೀಸಿನ ಮೂಲೆಯಲ್ಲಿ ಗುಂಯ್‌ಗುಡುವ ಸರ್ವರ್ ಪೆಟ್ಟಿಗೆಯನ್ನು ತೆಗೆದುಹಾಕಿ ಫೈಲುಗಳನ್ನೆಲ್ಲ ಕ್ಲೌಡಿಗೆ ಏರಿಸೋಣ ಎಂದಾಗ ಎಲ್ಲರೂ ಮೊದಲು ಕೇಳುವುದು, ಒಂದು ಜಿಬಿಗೆ ತಿಂಗಳಿಗೆ ಎಷ್ಟು ಎಂದು. ಅಮೆಜಾನ್‌ನ ಇಎಫ್‌ಎಸ್, ಮೈಕ್ರೋಸಾಫ್ಟ್‌ನ ಅಜೂರ್ ಫೈಲ್ಸ್, ಗೂಗಲ್‌ನ ಫೈಲ್‌ಸ್ಟೋರ್ ಮೂರನ್ನೂ ಆ ಒಂದು ಅಂಕಿಯಿಂದ ಅಳೆದವರಿಗೆ ತಪ್ಪು ಸೇವೆ ಕೊರಳಿಗೆ ಬೀಳುವ ಸಂಭವವೇ ಹೆಚ್ಚು. ಡಿಸ್ಕು ಕೆಟ್ಟರೆ ಗಿರಾಕಿಗೆ ಗೊತ್ತೇ ಆಗದಂತೆ ಬದಲಿಸುವ ಕೆಲಸವನ್ನು ಮೂರೂ ಮಾಡುತ್ತವೆ. ಅಷ್ಟರ ಮಟ್ಟಿಗೆ ಮೂರಕ್ಕೂ ಸಮಾನ ಅಂಕ. ಫೈಲನ್ನು ಯಾರು, ಎಲ್ಲಿಂದ, ಎಷ್ಟು ಸಲ ಮುಟ್ಟುತ್ತಾರೆ ಎಂದು ಕೇಳಿದಾಗ ಮಾತ್ರ ಇವುಗಳ ಬಣ್ಣ ಬೇರೆಯಾಗುತ್ತದೆ.

2016ರಲ್ಲಿ ಬಳಕೆಗೆ ತೆರೆದುಕೊಂಡ ಇಎಫ್‌ಎಸ್‌ನಲ್ಲಿ ಮುಂಚಿತವಾಗಿ ಜಾಗ ಕಾದಿರಿಸುವ ಗೊಡವೆಯಿಲ್ಲ. ಇಟ್ಟಷ್ಟಕ್ಕೆ ದುಡ್ಡು, ಅಳಿಸಿದರೆ ಬಿಲ್ಲೂ ಇಳಿಯುತ್ತದೆ. ಆದರೆ ಫೈಲು ಹಂಚಿಕೊಳ್ಳುವ ಭಾಷೆಗಳಲ್ಲಿ ಅದು ಬಲ್ಲದ್ದು ಎನ್‌ಎಫ್‌ಎಸ್ ಒಂದನ್ನೇ. ಲಿನಕ್ಸ್ ಸರ್ವರುಗಳಿಗೆ ಸರಿ, ವಿಂಡೋಸ್‌ಗೆ ಬೆಂಬಲವೇ ಇಲ್ಲ. ವಿಂಡೋಸ್ ಬಳಸುವವರಿಗಾಗಿ 2018ರಲ್ಲಿ ಎಫ್‌ಎಸ್‌ಎಕ್ಸ್ ಎಂಬ ಬೇರೆ ಸೇವೆ ಬಂತು. ಅದಕ್ಕೆ ಬಳಕೆದಾರರ ಖಾತೆಗಳನ್ನು ನಿಭಾಯಿಸುವ ಆಕ್ಟಿವ್ ಡೈರೆಕ್ಟರಿ ಬೇಕೇ ಬೇಕು.

ಇಎಫ್‌ಎಸ್‌ನ ನಿಜವಾದ ತೊಡಕು ವೇಗದ್ದು. ಅದರ ಬರ್ಸ್ಟಿಂಗ್ ಪದ್ಧತಿಯಲ್ಲಿ ವೇಗಕ್ಕೂ ನೀವಿಟ್ಟ ಫೈಲುಗಳ ಒಟ್ಟು ಗಾತ್ರಕ್ಕೂ ಗಂಟುಹಾಕಲಾಗಿದೆ. 100 ಜಿಬಿ ಇಟ್ಟವರಿಗೆ ಬರೆಯುವ ಕಾಯಂ ವೇಗ ಸೆಕೆಂಡಿಗೆ ಸುಮಾರು 5 ಎಂಬಿ. ಸುಮ್ಮನಿದ್ದ ಹೊತ್ತಿನಲ್ಲಿ ಕ್ರೆಡಿಟ್ ಜಮೆಯಾಗುತ್ತದೆ. ಅದನ್ನು ಕರಗಿಸಿ ದಿನಕ್ಕೆ 72 ನಿಮಿಷದಷ್ಟು ಹೊತ್ತು 100 ಎಂಬಿ ವೇಗದಲ್ಲಿ ಓಡಬಹುದು. ಕ್ರೆಡಿಟ್ ಬರಿದಾದ ಗಳಿಗೆಯಿಂದ ವೆಬ್‌ಸೈಟು ತೆವಳತೊಡಗುತ್ತದೆ. ಅಪ್ಲಿಕೇಶನ್ನಿನ ಲಾಗ್ ಜಾಲಾಡಿದರೆ ದೋಷವೇ ಕಾಣದು. ಅಮೆಜಾನ್‌ನ ನಿಗಾ ಸೇವೆ ಕ್ಲೌಡ್‌ವಾಚ್‌ನಲ್ಲಿ ಕ್ರೆಡಿಟ್ ಬ್ಯಾಲೆನ್ಸ್ ನೋಡಬೇಕೆಂದು ಯಾರಿಗಾದರೂ ಹೊಳೆಯುವವರೆಗೆ ಪರದಾಟ. ವೇಗ ಹೆಚ್ಚಲೆಂದು ಕೆಲಸಕ್ಕೆ ಬಾರದ ದೊಡ್ಡ ಫೈಲುಗಳನ್ನು ತುಂಬಿಸಿಡುವ ಪರಿಪಾಠವೂ ಬೆಳೆದಿತ್ತು. ಗೋಡೌನು ತುಂಬಿದ್ದರೆ ಮಾತ್ರ ಬಾಗಿಲು ಪೂರ್ತಿ ತೆರೆಯುತ್ತೇವೆ ಎನ್ನುವ ಮಾಲೀಕನ ವರಸೆ ಇದು. 2018ರಲ್ಲಿ ವೇಗವನ್ನು ಬೇರೆಯಾಗಿ ಕೊಳ್ಳುವ, 2022ರಲ್ಲಿ ಸಾಗಿಸಿದ ಡೇಟಾಕ್ಕೆ ತಕ್ಕಂತೆ ತೆರುವ ದಾರಿಗಳು ಬಂದವು. ಕಾಟ ತಪ್ಪಿತು, ಜಿಬಿ ದರ ನೋಡಿ ಹಾಕಿದ ಲೆಕ್ಕವೂ ಅದರ ಜೊತೆಗೇ ತಪ್ಪಿತು.

ಫೈಲ್‌ಸ್ಟೋರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಬೇಸಿಕ್ ಎಚ್‌ಡಿಡಿ ಶ್ರೇಣಿ ಶುರುವಾಗುವುದೇ 1 ಟಿಬಿಯಿಂದ. 60 ಜಿಬಿ ಫೈಲಿರುವ ಕಚೇರಿಯೂ ಪೂರ್ತಿ ಟಿಬಿಯ ಬಾಡಿಗೆ ತೆರಬೇಕು. ಈ ಶ್ರೇಣಿಯಲ್ಲಿ ಗಾತ್ರವನ್ನು ಹಿಗ್ಗಿಸಬಹುದು, ಕುಗ್ಗಿಸುವಂತಿಲ್ಲ. ದೊಡ್ಡ ಪ್ರಮಾಣದ ಲೆಕ್ಕಾಚಾರಕ್ಕೆ, ಅನಿಮೇಶನ್ ರೆಂಡರಿಂಗಿಗೆ ಹೊಂದುತ್ತದೆ. ಸಣ್ಣ ಆಫೀಸಿಗೆ ಮೂಗಿಗಿಂತ ಮೂಗುತಿ ಭಾರ.

ವಿಂಡೋಸ್ ಕಚೇರಿಗೆ ಮೂರರಲ್ಲಿ ಹೆಚ್ಚು ಒಗ್ಗುವುದು ಅಜೂರ್ ಫೈಲ್ಸ್. ವಿಂಡೋಸ್ ಫೈಲು ಹಂಚಿಕೊಳ್ಳುವ ಎಸ್‌ಎಂಬಿ ಅದಕ್ಕೆ ಮನೆಮಾತು. ಝಡ್ ಡ್ರೈವ್ ಎಂದು ಜೋಡಿಸಿಕೊಟ್ಟರೆ ಅಕೌಂಟ್ಸ್ ವಿಭಾಗದವರಿಗೆ ಏನೂ ಬದಲಾದಂತೆ ಕಾಣದು. ಕಾಣುವಂತಾಗುವುದು ಮನೆಯಿಂದ ಕೆಲಸ ಮಾಡಲು ಕೂತಾಗ. ಎಸ್‌ಎಂಬಿ ಓಡಾಡುವುದು 445ನೇ ಪೋರ್ಟಿನಲ್ಲಿ. 2017ರಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ನುಗ್ಗಿದ್ದೂ ಅದೇ ಬಾಗಿಲಿನಿಂದ. ಹಲವು ಇಂಟರ್ನೆಟ್ ಕಂಪನಿಗಳು ಆ ಪೋರ್ಟಿಗೆ ಬೀಗ ಜಡಿದಿರುತ್ತವೆ. ಆಗ ವಿಪಿಎನ್ ಬೇಕು, ಅದರ ಖರ್ಚು ಬೇರೆ.

ಅಜೂರ್ ಫೈಲ್ಸ್‌ನ ಬಳಸಿದಷ್ಟಕ್ಕೆ ತೆರುವ ಮಾದರಿಯಲ್ಲಿ ಇನ್ನೊಂದು ಮುಳ್ಳಿದೆ. ಫೋಲ್ಡರಿನ ಪಟ್ಟಿ ಕೇಳಿದರೂ ಫೈಲು ತೆರೆದರೂ ಅದೊಂದು ಟ್ರಾನ್ಸಾಕ್ಷನ್. ‘ಕೂಲ್’ ಶ್ರೇಣಿಯಲ್ಲಿ ಇಡುವುದು ಅಗ್ಗ, ಮುಟ್ಟುವುದು ದುಬಾರಿ. ಅಗ್ಗವೆಂದು ಅಲ್ಲಿಟ್ಟು, ದಿನಾ ರಾತ್ರಿ ಆಂಟಿವೈರಸ್ ಪ್ರತಿ ಫೈಲನ್ನೂ ಬಿಚ್ಚಿ ನೋಡುವಂತೆ ಬಿಟ್ಟರೆ ಉಳಿತಾಯವನ್ನು ಆಂಟಿವೈರಸ್ಸೇ ತಿಂದುಹಾಕುತ್ತದೆ.

ಬೆಂಗಳೂರಿನಲ್ಲಿ ಕೂತವರಿಗೆ ಅಜೂರ್‌ನ ಪುಣೆಯ ಡೇಟಾ ಸೆಂಟರು ದೂರವೆನಿಸಿದರೆ ಅಜೂರ್ ಫೈಲ್ ಸಿಂಕ್ ಇದೆ. ಬಳಕೆಯ ಫೈಲುಗಳನ್ನು ಕಚೇರಿಯ ವಿಂಡೋಸ್ ಸರ್ವರಿನಲ್ಲೇ ಇಟ್ಟು, ತಣ್ಣಗಾದವನ್ನು ಮೇಲಕ್ಕೆ ಕಳಿಸುವ ಸೊಗಸಾದ ಏರ್ಪಾಡು. ಹೊಗಳಿಕೆಯ ಜಾಹೀರಾತು ನಿಲ್ಲಬೇಕಾದ ಜಾಗವೂ ಇದೇ. ಹುಬ್ಬಳ್ಳಿ ಶಾಖೆಯಲ್ಲಿ ತೆರೆದಿರುವ ಎಕ್ಸೆಲ್ ಹಾಳೆಗೆ ಬಿದ್ದ ಬೀಗ ಬೆಂಗಳೂರಿನ ಸರ್ವರಿಗೆ ಗೊತ್ತಾಗುವುದಿಲ್ಲ. ಇಬ್ಬರೂ ತಿದ್ದಿ ಉಳಿಸಿದರೆ ಎರಡು ಪ್ರತಿ ಉಳಿಯುತ್ತವೆ. ಒಂದರ ಹೆಸರಿಗೆ ಸರ್ವರಿನ ಹೆಸರು ಬಾಲದಂತೆ ಅಂಟಿಕೊಂಡಿರುತ್ತದೆ. ಯಾವ ಅಂಕಿ ಸರಿ ಎಂದು ಕೂತು ಹೊಂದಿಸುವ ಕೆಲಸ ಅಕೌಂಟೆಂಟರದು. ಸರ್ವರಿನಿಂದ ಹೋಗದೆ ನೇರವಾಗಿ ಕ್ಲೌಡಿನ ಪ್ರತಿಯಲ್ಲೇ ತಿದ್ದಿದರೆ ಅದನ್ನು ಸಿಂಕ್ ತಾನಾಗಿ ಗಮನಿಸುವುದು 24 ಗಂಟೆಗೊಮ್ಮೆ. ಒಂದೇ ಕಚೇರಿಗೆ ಸಿಂಕ್ ತುಂಬ ಒಳ್ಳೆಯದು. ಒಂದೇ ಹಾಳೆಯನ್ನು ಎರಡು ಊರಿನವರು ದಿನವಿಡೀ ತಿದ್ದುವ ಪದ್ಧತಿಯಿದ್ದರೆ ಬೇಡವೇ ಬೇಡ.

ಇಷ್ಟು ಕೊಂಕು ತೆಗೆದ ಮೇಲೂ ನಾನು ಅಜೂರ್ ಕಡೆಗೇ ವಾಲಲು ಕಾರಣ ಒಂದಿದೆ. ಯಾರೋ ತಪ್ಪಿ ಫೈಲೊಂದನ್ನು ಅಳಿಸಿದರೆ, ಮುಂಚೆ ಸ್ನ್ಯಾಪ್‌ಶಾಟ್ ತೆಗೆದಿಟ್ಟಿದ್ದ ಪಕ್ಷದಲ್ಲಿ, ಬಳಕೆದಾರರು ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರೀವಿಯಸ್ ವರ್ಷನ್ಸ್’ನಿಂದ ತಾವೇ ವಾಪಸು ತಂದುಕೊಳ್ಳಬಹುದು. ಇಎಫ್‌ಎಸ್‌ನಲ್ಲಿ ಅದೇ ಕೆಲಸಕ್ಕೆ ಎಡಬ್ಲ್ಯೂಎಸ್ ಬ್ಯಾಕಪ್ ತೆರೆಯಬಲ್ಲ ಅಡ್ಮಿನ್ ಸಿಗಬೇಕು. ಶನಿವಾರ ಸಂಜೆ ಅವರು ಫೋನ್ ಎತ್ತುತ್ತಾರೆಯೇ ಎಂಬ ಕಾಲಂ ಯಾವ ಹೋಲಿಕೆ ಪಟ್ಟಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.